ಕಿವಿಯಲ್ಲಿ ಕರೆಯುವ ಜಾಗ

ಚಟ್ಟ ಹೊತ್ತವರು ಮಾಕಳಿಯ ತಿರುವಿನಲ್ಲಿ ಲಾರಿಯೊಂದಕ್ಕೆ ದಾರಿ ಬಿಡಲು ಮೋರಿಯ ಕಡೆಗೆ ಸರಿದರು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಸಾಂಬ್ರಾಣಿ ಹೊಗೆ ಅದರೊಳಗೆ ಸೇರಿಕೊಂಡು, ಎರಚಿದ ಪುರಿ ನೆಲ ಮುಟ್ಟದೆ ಎಲ್ಲೋ ತೇಲಿಹೋದಂತೆ ಕಾಣುತ್ತಿತ್ತು. ಇದೇ ಬೀದಿಯ ಅಂಗನವಾಡಿಗೆ ವರ್ಷಾನುಗಟ್ಟಲೆ ಮಕ್ಕಳನ್ನು ಕೂಗಿ ಕರೆದ ಭಾಗ್ಯಮ್ಮ ಟೀಚರ್ ಇಂದು ಯಾರನ್ನೂ ಕರೆಯದೆ ಹೊರಟಿದ್ದರು.

ಹಿಂದೆ ಬರುತ್ತಿದ್ದವರು ಅವರ ಕೈಯ ಉಪ್ಪಿಟ್ಟನ್ನು ಹೊಗಳುತ್ತಿದ್ದರು. ಸಾವಿನ ಮನೆಗಳಲ್ಲಿ ತೀರ್ಪು ಕೊಡುವುದು ದಾಯಾದಿ ಗಂಗಪ್ಪನ ಚಾಳಿ. ಒಳ್ಳೆಯ ಹೆಂಗಸೇ, ಆದರೆ ಆ ರಾಯಚೂರಿನವರ ಸಂಸಾರದಲ್ಲಿ ಮೂಗು ತೂರಿಸಬಾರದಿತ್ತು ಎಂದ. ಮುಂದೆ ನಡೆಯುತ್ತಿದ್ದ ಗಂಡ ಬೈರಪ್ಪನವರಿಗೆ ಅದು ಕೇಳಿಸಿತು. 

*

ಆ ರಾಯಚೂರಿನವರ ಮಗು ಯಮುನಾಗೆ ಆಗ ನಾಲ್ಕು ವರ್ಷ. ತಾಯಿ ಸವಿತಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗುವನ್ನು ಕರೆದೊಯ್ಯಲು ಅವಳ ತಮ್ಮ ಹನುಮೇಶ ಬರುತ್ತಿದ್ದ. ಊಟವಾದ ಮೇಲೆ ಉಳಿದ ಮಕ್ಕಳು ಚಾಪೆಯ ಮೇಲೆ ಹೊರಳಾಡುವಾಗ ಯಮುನಾ ಮಾತ್ರ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದಳು. ಎಲ್ಲರೂ ಜಾಣೆ ಎಂದರು. ಭಾಗ್ಯಮ್ಮನೂ ಅಂದರು.

ಒಂದು ಮಧ್ಯಾಹ್ನ ಹೊದಿಕೆ ಸರಿಮಾಡಲು ಬಾಗಿದಾಗ, ಬಾಗಿಲಲ್ಲಿ ಹನುಮೇಶನ ದನಿ ಕೇಳಿತು. ಮಗುವಿನ ರೆಪ್ಪೆ ಅದುರಿತು, ಮುಷ್ಟಿ ಬಿಗಿಯಿತು, ಚಾಪೆ ಒದ್ದೆಯಾಯಿತು. ನಿದ್ದೆಹೋದ ಮಗುವಿನ ಕೈ ಹಾಗಿರುವುದಿಲ್ಲ. ತಾಯಿಯೇ ಬಂದ ದಿನ ಹೀಗಾಗುತ್ತಿರಲಿಲ್ಲ ಎಂಬುದೂ ಭಾಗ್ಯಮ್ಮನಿಗೆ ನೆನಪಾಯಿತು. ಮಗುವನ್ನು ಕೆದಕಿ ಕೇಳಲಿಲ್ಲ. ಹನುಮೇಶನ ಮೇಲಿನ ಅನುಮಾನವನ್ನು ಮಕ್ಕಳ ಸಹಾಯವಾಣಿಗೆ ತಿಳಿಸಿದರು.

ವಿಚಾರಿಸುವವರು ಬರುವಷ್ಟರಲ್ಲಿ ಹನುಮೇಶ ಊರು ಬಿಟ್ಟಿದ್ದ. ಮಗು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ತಮ್ಮನ ಮಾನ ಕಳೆದಿರಿ ಎಂದು ಸವಿತಾ ಬೀದಿಯಲ್ಲೇ ನಿಂತು ಬೈದು, ಮಾತು ಬಿಟ್ಟಳು.

"ನಾನೇ ತಪ್ಪು ತಿಳ್ಕೊಂಡಿದ್ರೆ?" ಎಂದು ಭಾಗ್ಯಮ್ಮ ಕೊನೆಯವರೆಗೂ ಗಂಡನನ್ನು ಕೇಳುತ್ತಿದ್ದರು. 

*

ಹೊಂಗೆ ಮರದ ಕೆಳಗೆ ಚಟ್ಟ ಇಳಿಸಿದರು. ಇಲ್ಲಿ ದಿಕ್ಕು ಬದಲಿಸಿ, ಹತ್ತಿರದವರು ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯುವುದು ಈ ಮನೆತನದ ಪದ್ಧತಿ. ಜೀವ ಉಳಿದಿದ್ದರೆ ಎದ್ದಾರು ಎಂಬ ಆಸೆ. ತಮಟೆ ನಿಂತಿತು. ಕರೆಯಲು ಬೈರಪ್ಪ ಬಾಗಿದರು. 

ಮಂಜಿನೊಳಗಿಂದ ಸವಿತಾ ಬಂದಳು, ಜೊತೆಯಲ್ಲಿ ಶಾಲೆಯ ಸಮವಸ್ತ್ರದಲ್ಲಿದ್ದ ಯಮುನಾ. ಮನೆಗೆ ಬರಲು ಧೈರ್ಯವಾಗದೆ ಸವಿತಾ ಇಲ್ಲೇ ಕಾದಿದ್ದಳು. ಗಂಗಪ್ಪ ಅಡ್ಡ ಬಂದ. ಅವಳು ಅವನನ್ನು ದಾಟಿ ಬೈರಪ್ಪನವರ ಎದುರು ನಿಂತಳು.

"ಹೋದ ದೀಪಾವಳಿಗೆ ಮಗಳು ನನ್ ಮುಂದ ಎಲ್ಲಾ ಹೇಳಿದ್ಳುರಿ. ಟೀಚರ್ ಅಂದಿದ್ದು ಖರೇ ಇತ್ತು. ಬಂದು ಹೇಳಾಕ ನನಗ ಮಾರಿ ಇರ್ಲಿಲ್ಲ."

ಬೈರಪ್ಪನವರಿಗೆ ಸಿಟ್ಟು ಉಕ್ಕಿ ಬಂತು. ಮೊನ್ನೆಯಾದರೂ ಹೇಳಬಾರದಿತ್ತೇ ಎನ್ನಿಸಿತು. ಆದರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ನನ್ಗಲ್ಲ ಕಣಮ್ಮ. ಅವಳ್ಗೆ ಹೇಳು."

ಸವಿತಾ ಮಂಡಿಯೂರಿ, ಚೆಂಡುಹೂಗಳನ್ನು ಸರಿಸಿ, ಟೀಚರ್ ಕಿವಿಯ ಹತ್ತಿರ ಬಾಯಿಟ್ಟು ಹೇಳತೊಡಗಿದಳು. ಮೂರು ಮಾತಿಗೆ ಅದು ಮುಗಿಯುವಂತಿರಲಿಲ್ಲ. ಹೊರುವವರು ಕಾದರು. ಹೊರಡಲು ಬೈರಪ್ಪನವರು ಕೈ ಎತ್ತಿ ಸನ್ನೆ ಮಾಡಬೇಕು. ತಮಟೆಯವರು ಅದನ್ನೇ ನೋಡುತ್ತಿದ್ದರು. ಆ ಕೈಯ ಕಿರುಬೆರಳನ್ನು ಯಮುನಾ ಹಿಡಿದುಕೊಂಡಿದ್ದಳು. ಬೈರಪ್ಪ ಕೈ ಎತ್ತಲಿಲ್ಲ.