ಕತ್ತಿ ಹಿಡಿದರೆ ಸೊನ್ನೆ

ಹಂಚಿನ ಮೇಲೆ ರೊಟ್ಟಿ ಉಬ್ಬಿ ನಿಲ್ಲುವ ಹೊತ್ತಿಗೆ ಸರಿಯಾಗಿ ಪಡಸಾಲೆಯಲ್ಲಿ ಶಾಂತಪ್ಪ ಮತ್ತೊಮ್ಮೆ ಸತ್ತ. ಲ್ಯಾಪ್‌ಟಾಪಿನೊಳಗಿನಿಂದ ಅದೇ ನರಳುವ ದನಿ ಬಂತು. ಮಗಳು ಗುಡ್ಡಿ ಕಿಸಕ್ಕನೆ ನಕ್ಕಳು. ಹೊರಗಿನ ಶಾಂತಪ್ಪ, ಅಂದರೆ ಆಟ ಆಡುತ್ತಿದ್ದ ಅವಳ ಅಪ್ಪ, ಹಲ್ಲು ಕಚ್ಚಿ ಏನೋ ಬೈದ. ಒಲೆಯ ಮುಂದಿದ್ದ ಕಲ್ಯಾಣಮ್ಮ ರೊಟ್ಟಿ ತಿರುವಿ ಹಾಕುತ್ತ, ಈ ಸಲ ಯಾರು ಹೊಡೆದರು ಎಂದು ಕೇಳಿದಳು.

"ಇಲಿ" ಎಂದಳು ಗುಡ್ಡಿ.

"ಹೆಗ್ಗಣ" ಎಂದು ತಿದ್ದಿದ ಗಂಡ.

ಶಾಂತಪ್ಪ ಲೈನ್‌ಮನ್. ಹೋದ ಬೇಸಿಗೆಯಲ್ಲಿ ಕಕ್ಕೇರಾ ಕಡೆ, ಕರೆಂಟು ತೆಗೆದಿದ್ದಾರೆಂದು ಕಂಬ ಹತ್ತಿದವನಿಗೆ ಯಾರದೋ ಗಿರಣಿಯ ಜನರೇಟರಿನಿಂದ ತಂತಿಯೊಳಗೆ ತಿರುಗಿ ಬಂದ ಕರೆಂಟು ಬಡಿದಿತ್ತು. ಕಲಬುರಗಿಯ ಡಾಕ್ಟರು ಬಲಗೈಯನ್ನು ಮೊಣಕೈ ಕೆಳಗೆ ತೆಗೆದರು. ಆಫೀಸಿನವರು, ಇನ್ನು ಕುಂತು ಮಾಡುವ ಕಂಪ್ಯೂಟರ್ ಕೆಲಸ ಕೊಡುತ್ತೇವೆ, ಅಷ್ಟರಲ್ಲಿ ಎಡಗೈ ಪಳಗಿಸಿಕೋ ಎಂದಿದ್ದರು. ಮೌಸು ಹಿಡಿಯುವುದು ಬರಲಿ ಎಂದು ಗುಡ್ಡಿ ತನ್ನ ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಈ ಆಟ ಹಾಕಿಕೊಟ್ಟಿದ್ದಳು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡ ಆಟ. ಹೊಸವು ಆ ಲ್ಯಾಪ್‌ಟಾಪಿನಲ್ಲಿ ಓಡುತ್ತಿರಲಿಲ್ಲ.

ಆರು ಮಂದಿ ಕೂಡಿ ಗುಹೆ, ಹಾಳುಕೋಟೆ ಅಲೆಯುವುದು, ಎದುರಾದದ್ದನ್ನು ಹೊಡೆಯುವುದು. ಗಡ್ಡದ ಕುಳ್ಳನೊಬ್ಬನಿಗೆ ಶಾಂತಪ್ಪ 'ಸಾಹೇಬ' ಎಂದು ಹೆಸರಿಟ್ಟಿದ್ದ. ಅವನ ಹೊಟ್ಟೆ ಆಫೀಸಿನ ಸಾಹೇಬರದರಂತೆಯೇ ಇತ್ತು. ಕತ್ತಿಯವನಿಗೆ ತನ್ನದೇ ಹೆಸರು. ಆಟದ ಕಾನೂನುಗಳೋ ತಿರುಗಾಮುರುಗಾ. ಕವಚದ ಅಂಕಿ ಇಳಿದಷ್ಟೂ ಕವಚ ಗಟ್ಟಿ. ಸತ್ತವನನ್ನು ಗುಂಪಿನಿಂದ ತೆಗೆಯದಿದ್ದರೆ ಗೆದ್ದದ್ದರಲ್ಲಿ ಅವನಿಗೂ ಪಾಲು. ಜಲ್ದಿ ಓಡುವ ಮಂತ್ರ ಹಾಕಿಸಿಕೊಂಡವನಿಗೆ ಒಂದೇ ಏಟಿಗೆ ಒಂದು ವರ್ಷ ವಯಸ್ಸು ಏರುತ್ತಿತ್ತು. ಇದನ್ನು ಕೇಳಿದ ದಿನ ಕಲ್ಯಾಣಮ್ಮ, "ಹಂಗಾರ ನಂಗ ದಿನಾ ಯಾರೋ ಆ ಮಂತ್ರ ಹಾಕಾಕತ್ಯಾರ ಬಿಡು" ಎಂದಿದ್ದಳು. ಓಣಿಯ ಖಾನಾವಳಿಗೆಲ್ಲ ಅವಳದೇ ರೊಟ್ಟಿ. ಬೆಳಕು ಹರಿಯುವ ಮೊದಲೇ ಬಡಿಯಲು ಕೂತರೆ ಎದ್ದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಸಂಜೆಯ ಹಿಟ್ಟು ಕಾದಿರುತ್ತಿತ್ತು. ಕೈ ಹೋದ ಮೇಲೆ ಗಂಡ ನಕ್ಕದ್ದನ್ನು ಅವಳು ಕಂಡದ್ದು ಆ ಮಾತಿಗೇ.

ಈಗಿನ ತಕರಾರು ಬೇರೆ. ಕತ್ತಿಯವನು ಮಂತ್ರವನ್ನೂ ಕಲಿಯಲಿ ಎಂದು ಶಾಂತಪ್ಪ ಯಾವುದೋ ಗುಂಡಿ ಒತ್ತಿದ್ದ, ಎರಡೂ ಉಳಿಯುತ್ತವೆ ಅಂದುಕೊಂಡು. ಎಷ್ಟು ಆಡಿದರೂ ಮಂತ್ರವಾದಿಯಾದ ಆ ಕತ್ತಿಯವನು ಮೊದಲನೇ ಲೆವೆಲ್ಲು ಬಿಟ್ಟು ಮೇಲೇಳುತ್ತಿರಲಿಲ್ಲ. ಗುಡ್ಡಿ ಹಳೆಯ ನಿಯಮಗಳನ್ನೆಲ್ಲ ನೆಟ್ಟಿನಲ್ಲಿ ಹುಡುಕಿ ಓದಿದ್ದಳು.

"ನೀ ಅಂಜಿಕಿ ಬಂದ ಕೂಡ್ಲೆ ಕತ್ತಿ ತಗೀತಿ ಅಪ್ಪಾ, ಅದಕ್ಕ. ಹಳೇ ವಿದ್ಯಾ ಎಲ್ಲೂ ಹೋಗಿಲ್ಲ, ಮಲಗ್ಯದ. ಮಂತ್ರದ ಲೆವೆಲ್ಲು ಕತ್ತಿ ಲೆವೆಲ್ಲಿಗಿಂತ ಒಂದು ಮ್ಯಾಲ ಹೋತಂದ್ರ ಎರಡೂ ಬರ್ತಾವ. ಅಲ್ಲೀತನ ಕತ್ತಿ ಹಿಡದ್ರ ಆ ಜಗಳದ ಪಾಯಿಂಟು ಸೊನ್ನಿ. ಗೆದ್ದರೂ ಸೊನ್ನಿ."

"ಹಿಡೀಲಿಲ್ಲಂದ್ರ ಸಾಯ್ತಾನಲ್ಲ."

"ಸಾಯ್ತಾನ. ಮತ್ತ ಎಬ್ಬಿಸ್ತೀವಿ."

ಶಾಂತಪ್ಪ ಮೌಸು ಅತ್ತ ಸರಿಸಿದ. "ಏಳು ಲೆವೆಲ್ಲಿನ ಗಂಡಸು. ಇಲಿ ಮುಂದ ಕೋಲು ಹಿಡದು ನಿಂದ್ರು ಅಂದ್ರ ಹ್ಯಾಂಗ ನಿಂದ್ರತಾನ?"

"ಇದು ಮನುಷ್ಯಾರಿಗೆ ಅಷ್ಟ ಇರೋ ರೂಲು. ನಿನ್ನ ಸಾಹೇಬಗಿಲ್ಲ. ಕುಳ್ಳರು ಹುಟ್ಟಿದಂಗ ಸಾಯಬೇಕು" ಎಂದು ಗುಡ್ಡಿ ಲ್ಯಾಪ್‌ಟಾಪು ಮುಚ್ಚಿದಳು.

ಒಳಗೆ ಕಲ್ಯಾಣಮ್ಮನ ಅಂಗೈ ಹಿಟ್ಟಿನ ಮೇಲೆ ನಿಂತುಬಿಟ್ಟಿತ್ತು. ಹಂಚಿನಿಂದ ಸುಟ್ಟ ವಾಸನೆ ಬಂದ ಮೇಲೆಯೇ ಅವಳಿಗೆ ಎಚ್ಚರ.

ತಾಟು ತಂದು ಎಂದಿನಂತೆ ಗಂಡನ ಪಕ್ಕ ಕೂತಳು. ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿ ಕೈ ಎತ್ತಿದಳು. ಅವನು ಬಾಯಿ ತೆರೆದ. ಎಡಗೈಲಿ ಅವನೀಗ ಸಹಿ ಮಾಡುತ್ತಿದ್ದ, ಗುಂಡಿ ಹಾಕಿಕೊಳ್ಳುತ್ತಿದ್ದ, ಬಕೆಟ್ಟು ಎತ್ತುತ್ತಿದ್ದ. ಊಟ ಮಾತ್ರ ಇಲ್ಲ. ಡಾಕ್ಟರು ಹೇಳಿದಾಗ ಅವರ ಮುಖಕ್ಕೇ ಅಂದಿದ್ದ, "ಕುಂಡಿ ತೊಳಿಯೋ ಕೈಲೆ ಉಣ್ಣು ಅಂತೀರೇನ್ರಿ?" ಹಾಗಾಗಿ ಯಾರ ಮನೆಯ ಮದುವೆಯಿಲ್ಲ, ಜವಳವಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಹೆಂಡತಿಯ ಕೈತುತ್ತು.

ಅದು ಕಲ್ಯಾಣಮ್ಮನಿಗೆ ಭಾರವಾಗಿತ್ತೆಂದರೆ ಸುಳ್ಳಾಗುತ್ತದೆ. ಕಂಬದ ಮೇಲಿನ ಬದುಕಿನವನು, ಒಂದು ದಿನವೂ ಅವಳೆದುರು ನೆಟ್ಟಗೆ ಕೂತು ಉಂಡವನಲ್ಲ. ಈಗ ಎಷ್ಟು ದೊಡ್ಡ ತುತ್ತು, ಯಾವಾಗ ನೀರು, ಎಲ್ಲ ಅವಳಿಗೆ ಗೊತ್ತು. ಆ ಹೊತ್ತು ತನ್ನದು ಅನಿಸುತ್ತಿತ್ತು. ಇಂಥದ್ದನ್ನು ಯಾರ ಮುಂದೆ ಹೇಳುವುದು? ಅವತ್ತು ಎತ್ತಿದ ಕೈ ನಡುವೆಯೇ ನಿಂತಿತು. ಯಾಕೆ ಎಂಬಂತೆ ಅವನು ನೋಡಿದ. "ಏನಿಲ್ರಿ" ಎಂದು ತುತ್ತು ಇಟ್ಟಳು.

ಆ ವಾರದಲ್ಲೇ ಸಗರದಿಂದ ನಾದಿನಿ ಮಹಾಂತಮ್ಮ ಬಂದಳು. ಮಗಳ ನಿಶ್ಚಯ. ಹುಡುಗಿಯ ಸೋದರಮಾವ ಪಂಕ್ತಿಯ ತಲೆಗೆ ಕೂತು ಮೊದಲು ಎಲೆ ಮುಟ್ಟಬೇಕು, ಆಮೇಲೆ ಉಳಿದವರು. ಅದು ಅವಳ ಗಂಡನ ಮನೆಯ ಪದ್ಧತಿ. ಶಾಂತಪ್ಪ ಒಲ್ಲೆನೆಂದ. ತನ್ನ ಕೈಯ ಮಾತು ತೆಗೆದ. ದಿನಾ ಬೆಳಿಗ್ಗೆ ಪೂಜೆಗೆ ಇಷ್ಟಲಿಂಗ ಹಿಡಿಯುವುದೂ ಆ ಎಡ ಅಂಗೈಯಲ್ಲೇ ಅಲ್ಲವೇನು, ಅದಕ್ಕೆ ಇಲ್ಲದ ಮೈಲಿಗೆ ರೊಟ್ಟಿಗೆ ಬಂತೇನು ಎಂದು ಮಹಾಂತಮ್ಮ ಕೇಳಿದಳು. ಅವನು ಒಪ್ಪಲಿಲ್ಲ.

"ನೀ ಬರ್ಲಿಲ್ಲಂದ್ರ ನಾ ಎಲೀನೇ ಹಾಕಂಗಿಲ್ಲಣ್ಣಾ. ಬೀಗರು ಉಪಾಸ ಹೋಗ್ಲಿ" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಡೆಗೆ ಒಂದು ಕರಾರಾಯಿತು. ಶಾಂತಪ್ಪ ಬರುತ್ತಾನೆ, ಆದರೆ ಮಾವನ ಎಲೆಗೆ ಅವನ ತಮ್ಮ ಬಸವಕುಮಾರ ಕೂರಬೇಕು. ಇವನ ಊಟ ಎಲ್ಲರದೂ ಆದ ಮೇಲೆ, ಒಳಕೋಣೆಯಲ್ಲಿ, ಕಲ್ಯಾಣಮ್ಮನ ಕೈಯಿಂದ. ಹೊರಡುವಾಗ ಮಹಾಂತಮ್ಮ ಹೊಸ್ತಿಲಲ್ಲಿ ನಿಂತು, "ವೈನಿ, ನೀವಾರ ಹೇಳ್ರಿ ಅವಂಗ" ಎಂದು ಮೆಲ್ಲಗೆ ಅಂದಳು.

ಕಲ್ಯಾಣಮ್ಮ ಹೇಳಲಿಲ್ಲ. ಮರುದಿನ ಮಧ್ಯಾಹ್ನ ತಾಟು ತಂದು ಗಂಡನ ಮುಂದಿಟ್ಟು, ಖಾನಾವಳಿಗೆ ರೊಟ್ಟಿ ಮುಟ್ಟಿಸಿ ಬರುತ್ತೇನೆಂದು ಹೊರಬಿದ್ದಳು. ರೊಟ್ಟಿ ಮುಟ್ಟಿಸಿಯಾಗಿತ್ತು. ಓಣಿಯ ತುದಿಯ ನಳದ ಹತ್ತಿರ ಸುಮ್ಮನೆ ನಿಂತಳು. ನೀರಿಗೆ ಬಂದವರು ಕೊಡ ಎಲ್ಲಿ ಅದವ್ವಾ ಎಂದು ಕೇಳಿದರೆ ಏನೋ ಹೇಳಿದಳು. ತಿರುಗಿ ಬಂದಾಗ ತಾಟು ಇಟ್ಟಂತೆಯೇ ಇತ್ತು. ರೊಟ್ಟಿ ಒಣಗಿ ಅಂಚು ಎದ್ದಿತ್ತು. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ನಿದ್ದೆಯಲ್ಲಿರಲಿಲ್ಲ. ಅವಳು ಬಿಸಿ ರೊಟ್ಟಿ ತಂದು ಕೂತು ಮುರಿದಳು. ಅವನು ಎದ್ದು ಉಂಡ. ಈ ಹೊತ್ತಿನದು ಸೊನ್ನೆ ಅನಿಸಿತು ಅವಳಿಗೆ. ಅವನದೋ ತನ್ನದೋ ತಿಳಿಯಲಿಲ್ಲ.

ನಿಶ್ಚಯದ ದಿನ ಸಗರದಲ್ಲಿ ಶಹಾಪುರದ ಬೀಗರು ಹೇಳಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಎಲೆ ಹಾಕಿದ ಮೇಲೆ ವರನ ಅಜ್ಜ ತಲೆಯ ಎಲೆಗೆ ಕೂತ ಬಸವಕುಮಾರನನ್ನು ನೋಡಿ, ಹುಡುಗಿಯ ಹಿರಿಯ ಮಾವ ಇವರೇನು ಎಂದು ವಿಚಾರಿಸಿದರು. ಯಾರೋ ಬಾಗಿಲ ಹತ್ತಿರ ನಿಂತಿದ್ದ ಶಾಂತಪ್ಪನನ್ನು ತೋರಿಸಿದರು. ಅಜ್ಜ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಹಾಕಿ ಕರೆತಂದರು. ಖಾಲಿ ತೋಳು ಕಂಡರೂ ಕಾಣದಂತೆ, "ನಿಮ್ಮ ಜಾಗದಾಗ ನೀವು ಕುಂದರ್ರಿ ಮಾವನೋರ" ಎಂದರು. ಬಸವಕುಮಾರ ಎದ್ದ. ತಂಗಿಯ ಮಗಳ ದಿನ, ಇಷ್ಟು ಮಂದಿ, ಶಾಂತಪ್ಪ ಏನೆಂದಾನು? ಕೂತ.

ಕಡಕ್ ರೊಟ್ಟಿ, ಹೋಳಿಗೆ, ಕಾಳಿನ ಪಲ್ಯ ಎಲ್ಲ ಎಲೆಗೆ ಬಿದ್ದವು. ಎಲ್ಲರ ಕೈ ತೊಡೆಯ ಮೇಲೆ. ಬದನೆಕಾಯಿಯ ಪಾತ್ರೆ ಹಿಡಿದು ಕಲ್ಯಾಣಮ್ಮ ಪಂಕ್ತಿಯ ತಲೆಗೆ ಬಂದಾಗ ಬಾಗಿಲ ಹೆಂಗಸರು ಪಿಸುಗುಟ್ಟುವುದು ಕೇಳಿಸಿತು. ಹೆಂಡತಿಯೇ ಉಣಿಸುತ್ತಾಳಂತೆ, ಪುಣ್ಯವಂತಿ. ಪಾತ್ರೆ ಕೆಳಗಿಟ್ಟು ಮೊಣಕಾಲೂರಿ ಕೂತರೆ ಮುಗಿಯಿತು. ಯಾರ ಕಣ್ಣಾದರೂ ತುಂಬೀತು, ಯಾರಾದರೂ ಹರಸಿಯಾರು.

"ಕಲ್ಯಾಣಿ," ಎಂದ ಶಾಂತಪ್ಪ, ತುಟಿ ಅಲುಗಿಸದಂತೆ. "ಒಂದ ತುತ್ತು ಬಾಯಿಗೆ ಹಾಕಿ ಹೋಗು. ಮಂದಿ ಕಾಯಾಕತ್ತಾರ."

ಅವಳು ಅವನ ಎಲೆಗೆ ಬದನೆಕಾಯಿ ಬಡಿಸಿದಳು.

"ನಾ ಪಂಗತಿ ನೀಡಬೇಕ್ರಿ" ಎಂದಳು. "ನೀವು ಉಣ್ರಿ."

ಪಕ್ಕದ ಎಲೆಗೆ ಸರಿದಳು. ಬಾಗಿಲಲ್ಲಿ ಯಾರೋ ಲೊಚಗುಟ್ಟಿದರು. ಎಂಥಾ ಹೆಂಗಸು ಎಂಬ ಮಾತೂ ಬಂತು, ಅಷ್ಟೇನೂ ಮೆಲ್ಲಗಲ್ಲ. ಮುಂದಿನ ಎಲೆ, ಅದರ ಮುಂದಿನದು. ಯಾರೂ ರೊಟ್ಟಿ ಮುಟ್ಟಲಿಲ್ಲ. ಎಣ್ಣೆ ಒಬ್ಬರ ಧೋತರದ ಮೇಲೆ ಬಿತ್ತು, ಅವರು ಅಲುಗಲಿಲ್ಲ. ತಿರುಗಿ ನೋಡಿದರೆ ಕಾಲು ಹಿಂದಕ್ಕೆ ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಬೆನ್ನ ಹಿಂದೆ ಏನೂ ಕೇಳಿಸಲಿಲ್ಲ. ಕೇಳಿಸಿದ್ದು ತನ್ನ ಸೌಟು ಪಾತ್ರೆಗೆ ತಾಗುವ ಸದ್ದೊಂದೇ.

ಪಂಕ್ತಿಯ ನಡುವೆ ಒಬ್ಬ ಮುದುಕ ಕೂತಿದ್ದ. ಅವಳು ಬಾಗಿದರೂ ಅವನ ಲಕ್ಷ್ಯ ಎಲೆಯ ಮೇಲಿರಲಿಲ್ಲ. ಅವಳನ್ನು ದಾಟಿ ಪಂಕ್ತಿಯ ತಲೆಯತ್ತ ನೋಡುತ್ತಿದ್ದ. ಕಲ್ಯಾಣಮ್ಮ ಸೌಟು ಎತ್ತಿ ಹಿಡಿದು ಅವನ ಮುಖವನ್ನೇ ನೋಡಿದಳು. ಅವನ ಕಣ್ಣು ಒಂದು ಸಲ ಕಿರಿದಾಯಿತು, ಯಾರದೋ ಕೈಯಿಂದ ತುತ್ತು ಜಾರಿ ಬಿದ್ದದ್ದನ್ನು ಕಂಡವರಂತೆ. ಆಮೇಲೂ ಅವನು ಅತ್ತಲೇ ನೋಡಿದ, ಬಹಳ ಹೊತ್ತು. ನಂತರ ಕಣ್ಣು ಇಳಿಸಿ, ರೊಟ್ಟಿ ಹತ್ತಿರ ಎಳೆದುಕೊಂಡು ಪಟಕ್ಕನೆ ಮುರಿದ.

ಅವನ ಪಕ್ಕದವನು ಮುರಿದ. ಆಚೆಯವನು ಮುರಿದ. ಪಂಕ್ತಿಯುದ್ದಕ್ಕೂ ಒಣ ರೊಟ್ಟಿ ಮುರಿಯುವ ಸದ್ದು ಹರಿದು ಹೋಯಿತು.

"ಸಾಕವ್ವಾ, ಸಾಕು" ಎಂದ ಮುದುಕ. ಎಲೆಯ ತುಂಬ ಬದನೆಕಾಯಿ ಬಿದ್ದಿತ್ತು, ಅವಳು ಇನ್ನೂ ನೀಡುತ್ತಲೇ ಇದ್ದಳು.