ಹತ್ತಿಗೊಂದು ಜೋಡಿ

ಮೊಲಕ್ಕೆ ಜೋಡಿ ನೋಡಲು ಹೊರಟ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಂತಿರಲಿಲ್ಲ. ಮೊಮ್ಮಗಳು ಇನ್ನೂ ಕತ್ತಲಿರುವಾಗಲೇ ಎದ್ದು, ಹಾಕಿಕೊಂಡ ಅಂಗಿಯನ್ನು ಬಿಚ್ಚಿ ಬೇರೆಯದು ಹಾಕಿಕೊಂಡಿದ್ದಳು. ಮೊದಲಿನದು ತೀರಾ ಕೆಂಪಂತೆ, ಹೊಸ ಮೊಲ ಹೆದರೀತಂತೆ. ಅವಳನ್ನು ನಾವು ಗಿರಗಿಟ್ಲೆ ಎಂದೇ ಕರೆಯುವುದು. ಒಂದು ಕಡೆ ನಿಂತ ಜೀವವಲ್ಲ. ಅವಳ ತಾಯಿ, ಅಂದರೆ ನನ್ನ ಮಗಳು, ಊರ ಬಸ್ಸು ಓಡಿಸುವವಳು. ರಜೆ ಸಿಕ್ಕರೆ ಬಿಸಿಲೇರುವ ತನಕ ಹಾಸಿಗೆ ಬಿಡದವಳು ಅವತ್ತು ನನಗಿಂತ ಮುಂಚೆ ಟೀ ಕುಡಿದು, ಲೋಟ ತೊಳೆದು ಬೋರಲು ಹಾಕಿಟ್ಟು, ಪಕ್ಕದ ಮನೆಯವರಿಂದ ಕಾರು ಕೇಳಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದಳು.

ನಾನು ಹಾಸಿಗೆ, ದಿಂಬು, ಸೋಫಾದ ಮೆತ್ತೆ ಹೊಲಿದು ಬದುಕಿದವನು. ಕೆಲಸದ ಹೊತ್ತಿನಲ್ಲಿ ಹಲ್ಲಿನ ನಡುವೆ ಸದಾ ದಾರ ಕಚ್ಚಿಕೊಂಡಿರಬೇಕಾಗಿತ್ತು. ಹಾಗಾಗಿ ಮಾತು ಕಮ್ಮಿ, ಈಗಲೂ ಅಷ್ಟೆ. ಆದರೆ ಅವತ್ತು ನನ್ನ ಎದೆಯೂ ಸುಮ್ಮನಿರಲಿಲ್ಲ.

ನಮ್ಮ ಮೊಲದ ಹೆಸರು ಹತ್ತಿ. ಹಿಂಜುವಾಗ ಗಾಳಿಗೆ ಹಾರಿ ಮೂಲೆ ಸೇರುವ ಹತ್ತಿಯ ಉಂಡೆಯಿರುತ್ತದಲ್ಲ, ಮರಿಯಾಗಿದ್ದಾಗ ಹಾಗೇ ಇದ್ದ. ಅವನ ಜೊತೆಗಾತಿ ಕಪ್ಪಿ. ಇಬ್ಬರೂ ಒಂದೇ ಮೆತ್ತೆಯ ಮೇಲೆ ಅಂಟಿಕೊಂಡು ಮಲಗುತ್ತಿದ್ದರು. ಕಪ್ಪಿಗೆ ವಯಸ್ಸಾಗಿತ್ತು, ಒಂದು ಬೆಳಿಗ್ಗೆ ಏಳಲಿಲ್ಲ. ಅವತ್ತಿನಿಂದ ಹತ್ತಿ ಗೋಡೆಗೆ ಮುಖ ಹಾಕಿ ಕುಳಿತವನು ಸೊಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ. ಪ್ರಾಣಿಗಳ ಡಾಕ್ಟರಮ್ಮ ಹೊಟ್ಟೆ ಒತ್ತಿ, ಹಲ್ಲು ನೋಡಿ, ರೋಗವೇನೂ ಇಲ್ಲ ಎಂದರು. ಮೊಲದ ಹೊಟ್ಟೆ ಗಿರಣಿ ಇದ್ದ ಹಾಗೆ, ಯಾವಾಗಲೂ ಏನಾದರೂ ಅರೆಯುತ್ತಿರಬೇಕು, ನಿಂತರೆ ಆಯಿತು ಎಂದೂ ಹೇಳಿದರು. ಅಂದಿನಿಂದ ಮೊಮ್ಮಗಳು ನೀರಲ್ಲಿ ಕಲಸಿದ ಮೇವಿನ ಪುಡಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಅವನ ಬಾಯಿಗೆ ಹಾಕುತ್ತಿದ್ದಳು. ಹಾಕಿದ್ದನ್ನು ನುಂಗುತ್ತಿದ್ದ. ತಾನಾಗಿ ಒಂದು ಎಲೆ ಮುಟ್ಟುತ್ತಿರಲಿಲ್ಲ. ದಿನದಿನಕ್ಕೆ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಇದು ಹರಿದದ್ದಕ್ಕೆ ತೇಪೆ ಹಾಕಿದ ಹಾಗಷ್ಟೇ, ತಾನಾಗಿ ತಿಂದರೆ ಮಾತ್ರ ಉಳಿಯುತ್ತಾನೆ, ಬೇಗ ಒಂದು ಜೊತೆ ನೋಡಿ ಎಂದು ಡಾಕ್ಟರಮ್ಮನೇ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಯದ ನಂಬರು ಕೊಟ್ಟಿದ್ದರು.

ಆಶ್ರಯದ ಫೋಟೋಗಳು ಮಗಳ ಮೊಬೈಲಿಗೆ ಬಂದಿದ್ದವು. ಅದರಲ್ಲೊಂದು ದೊಡ್ಡ ಬಿಳಿ ಮೊಲವನ್ನು ಗಿರಗಿಟ್ಲೆ ಆರಿಸಿಟ್ಟು, ನೋಡುವ ಮೊದಲೇ ಮಹಾರಾಣಿ ಎಂದು ಹೆಸರನ್ನೂ ಇಟ್ಟಾಗಿತ್ತು. ದಾರಿಯುದ್ದಕ್ಕೂ ಮಹಾರಾಣಿ ಎಲ್ಲಿ ಮಲಗಬೇಕು, ಯಾವ ಬಟ್ಟಲಲ್ಲಿ ನೀರು ಕುಡಿಯಬೇಕು ಎನ್ನುವುದೇ ಮಾತು. ಮಗಳು ಬಸ್ಸಿನ ಅಭ್ಯಾಸಕ್ಕೆ ಪ್ರತಿ ನಿಲ್ದಾಣದ ಹತ್ತಿರವೂ ಕಾರಿನ ವೇಗ ಇಳಿಸುತ್ತಿದ್ದಳು. ಹತ್ತಿ ನನ್ನ ತೊಡೆಯ ಮೇಲಿನ ಬುಟ್ಟಿಯಲ್ಲಿದ್ದ.

ಆಶ್ರಯ ಹಳೆಯ ಗೋದಾಮೊಂದರಲ್ಲಿತ್ತು. ಮುಂದೆ ನಾಯಿಗಳು, ನಡುವೆ ಬೆಕ್ಕುಗಳು, ಹಿಂದಿನ ಕೋಣೆಯಲ್ಲಿ ಸಣ್ಣಪುಟ್ಟವು. ಒಳಗೆ ಕಾಲಿಟ್ಟರೆ ಒಣಹುಲ್ಲಿನ ವಾಸನೆ, ಮರದ ಹೊಟ್ಟಿನ ವಾಸನೆ, ಈಗಷ್ಟೇ ಒರೆಸಿದ ನೆಲದ ವಾಸನೆ. ಯಾರದೋ ಕೈಯ ಪ್ಲಾಸ್ಟಿಕ್ ಚೀಲ ಸರಕ್ಕೆಂದರೆ ಸಾಕು, ಗಿನಿಪಿಗ್‌ಗಳೆಲ್ಲ ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ಒಂದು ಹ್ಯಾಮ್‌ಸ್ಟರ್ ಚಕ್ರದೊಳಗೆ ಓಡಿ ಓಡಿ ಎಲ್ಲಿಗೂ ತಲುಪದೆ, ಇಳಿದು ನಮ್ಮನ್ನೊಮ್ಮೆ ನೋಡಿ, ಮತ್ತೆ ಚಕ್ರವೇರಿ ಓಡತೊಡಗಿತು. ಗಿರಗಿಟ್ಲೆಗೆ ಯಾವುದನ್ನು ಮೊದಲು ನೋಡಬೇಕೆಂದೇ ತಿಳಿಯಲಿಲ್ಲ. ಇದೂ ಬೇಕು, ಅದೂ ಬೇಕು ಎಂದಳು. ಬಂದದ್ದು ಯಾರಿಗಾಗಿ ಅನ್ನೋದು ಜ್ಞಾಪಕ ಇರಲಿ ಎಂದು ಅವಳಮ್ಮ ಗದರಿಸಿದಳು. ಆದರೆ ಗದರಿಸಿದವಳ ಬೆರಳೂ ಗಿನಿಪಿಗ್ಗಿನ ಜಾಲರಿಯೊಳಗೇ ಇತ್ತು.

ಮೊಲಗಳನ್ನು ನೋಡಿಕೊಳ್ಳುವ ಹೆಂಗಸು ರಬ್ಬರ್ ಬೂಟು ತೊಟ್ಟು ಬಂದರು. ಸೊಂಟದಲ್ಲಿ ಬೀಗದ ಕೈಗೊಂಚಲು, ಕೂದಲಲ್ಲಿ ಹುಲ್ಲಿನ ಕಡ್ಡಿ. ಆರಿಸುವ ಕೆಲಸ ನಮ್ಮದಲ್ಲ, ಅವುಗಳದ್ದು ಎಂದು ಮೊದಲೇ ಹೇಳಿಬಿಟ್ಟರು. ಎರಡೂ ಮೊಲಗಳು ಹಿಂದೆಂದೂ ಕಾಲಿಡದ ಜಾಗದಲ್ಲಿ ತಂತಿಯ ಬೇಲಿ ನಿಲ್ಲಿಸಿ ಒಳಗೆ ಬಿಡುವುದು, ಮನುಷ್ಯರು ಹೊರಗೆ ಕೂರುವುದು, ಕೈ ಹಾಕಬಾರದು, ಮಾತಾಡಬಾರದು. ಯಾರ ಮನೆಯೂ ಅಲ್ಲದ ಜಾಗದಲ್ಲಿ ಮಾತ್ರ ಅವು ಮರ್ಯಾದೆಯಿಂದ ಮಾತಾಡಿಕೊಳ್ಳುತ್ತವೆ ಎಂದರು. ಒಂದು ಮೊಲಕ್ಕೆ ದಿನಕ್ಕೆ ಎರಡೇ ಭೇಟಿ, ಅದಕ್ಕಿಂತ ಹೆಚ್ಚಾದರೆ ಅದರ ಎದೆ ತಡೆಯುವುದಿಲ್ಲ, ಇದು ಇಲ್ಲಿಯ ಕಟ್ಟಳೆ. ಅಲ್ಲಿಯ ಮೊಲಗಳಿಗೂ ನಮ್ಮ ಹತ್ತಿಗೂ ಮರಿಯಾಗದ ಆಪರೇಷನ್ ಆಗಿತ್ತು, ಆ ಚಿಂತೆ ಇರಲಿಲ್ಲ.

ನಾನು ಬುಟ್ಟಿಯಿಂದ ಹತ್ತಿಯನ್ನೆತ್ತಿ, ಅವನ ಅಡಿಯಲ್ಲಿದ್ದ ಮೆತ್ತೆಯನ್ನೂ ಎತ್ತಿ, ಬೇಲಿಯೊಳಗೆ ಮೆತ್ತೆ ಹಾಸಿ ಅದರ ಮೇಲೆ ಕೂರಿಸಿದೆ. ಆ ಹೆಂಗಸು ಅಷ್ಟರಲ್ಲಿ ಒಳಗೆ ಹೋಗಿದ್ದರು. ಮಹಾರಾಣಿಯನ್ನು ಎತ್ತಿಕೊಂಡು ಬಂದಾಗ ಗಿರಗಿಟ್ಲೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಫೋಟೋದಲ್ಲಿದ್ದದ್ದಕ್ಕಿಂತ ದೊಡ್ಡದು, ಮೈ ಮೇಲೊಂದು ಕಲೆಯಿಲ್ಲ. ಇಳಿದದ್ದೇ ಮೂಗು ಅಲ್ಲಾಡಿಸುತ್ತ ನೇರ ಹತ್ತಿಯ ಕಡೆ ಬಂತು.

ಹತ್ತಿ ಗುರ್ರೆಂದ. ಅವನ ಬಾಯಿಂದ ಅಂಥ ಸದ್ದು ನಾವು ಯಾರೂ ಕೇಳಿರಲಿಲ್ಲ. ಮರುಕ್ಷಣ ಮೆತ್ತೆಯಿಂದ ಹಾರಿ ಮಹಾರಾಣಿಯ ಬೆನ್ನಿಗೆ ಬಾಯಿ ಹಾಕಿದ, ಬಿಳಿ ಕೂದಲು ಗಾಳಿಗೆ ಎದ್ದಿತು. ಹೆಂಗಸು ಟವಲ್ ಎಸೆದು ಬಿಡಿಸಿದರು. ಹತ್ತಿ ಓಡಿ ಹೋಗಿ ಮತ್ತೆ ಮೆತ್ತೆಯ ಮೇಲೆ ಕುಳಿತ. ನನಗೆ ಹೇಳಲಾಗದ ಒಂದು ಖುಷಿ. ತಲೆ ಎತ್ತಲಾರದವನು ಓಡಿದ್ದನಲ್ಲ. ಮಗಳು ಮಾತ್ರ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಳು.

ಆಮೇಲೆ ಬಂದದ್ದು ಜೋಲುಕಿವಿಯ ಕಂದು ಮೊಲ, ಬಲು ಸಾಧು. ಅದು ಹತ್ತಿರ ಬರುವ ಮೊದಲೇ ನಮ್ಮವನು ಎಗರಿದ. ಅದು ಹೆದರಿ ತಂತಿ ಹಾರಿ ಗಿರಗಿಟ್ಲೆಯ ಮಡಿಲಿಗೇ ಬಿತ್ತು.

ಅಲ್ಲಿಗೆ ಎರಡೂ ಭೇಟಿ ಮುಗಿದವು. ಇವತ್ತಿಗೆ ಸಾಕು, ಮುಂದಿನ ವಾರ ಬನ್ನಿ ಎಂದರು ಆ ಹೆಂಗಸು, ಬೇಜಾರಿನಿಂದಲೇ. ಮೊಮ್ಮಗಳು ಅಳಲಿಲ್ಲ. ಸಿರಿಂಜು ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಗಿತ್ತು, ಅದನ್ನೇ ನೋಡಿಕೊಳ್ಳುತ್ತ ಕೇಳಿದಳು:

"ಅಲ್ಲೀವರೆಗೆ ಅವನು ಇರ್ತಾನಾ ಆಂಟಿ?"

ಆ ಹೆಂಗಸು ಸುಳ್ಳು ಹೇಳುವವರಲ್ಲ. ಬಗ್ಗಿ ಹತ್ತಿಯ ಬೆನ್ನು ಸವರಿ, ಮೂಳೆ ಮುಟ್ಟಿ, ಅವನನ್ನೆತ್ತಿ ಬುಟ್ಟಿಗೆ ಹಾಕಿದರು. ಮೆತ್ತೆ ಆಶ್ರಯದ್ದೇ ಎಂದುಕೊಂಡು ಎತ್ತಿಡಲು ಕೈಗೆ ತೆಗೆದುಕೊಂಡವರು ಹಾಗೇ ನಿಂತರು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಇದು ಎಲ್ಲಿಂದ ಬಂತು ಎಂದು ಕೇಳಿದರು.

ನಾನೇ ಹೊಲಿದದ್ದು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಹಳೆಯ ಸೋಫಾದ ಮಖಮಲ್ಲು, ಒಳಗೆ ಒಳ್ಳೆ ಹತ್ತಿ. ಕಪ್ಪಿ ಮತ್ತು ಅವನು ಇದರ ಮೇಲೇ ಮಲಗುತ್ತಿದ್ದರು, ಹೊಸ ಜಾಗದಲ್ಲಿ ಅವನಿಗೆ ಧೈರ್ಯ ಬರಲಿ ಎಂದು ತಂದೆ.

ಆಕೆ ಅಲ್ಲೇ ಇದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟರು.

"ಯಜಮಾನ್ರೇ, ಯಾರ ಮನೇನೂ ಅಲ್ಲದ ಜಾಗ ಅಂತ ನಾನು ಇಷ್ಟು ಕಷ್ಟಪಟ್ಟು ಮಾಡಿಟ್ರೆ, ನೀವು ಅವನ ಮನೇನೇ ಬುಟ್ಟೀಲಿ ಹೊತ್ಕೊಂಡು ಬಂದಿದ್ದೀರಲ್ಲ. ಹೆಂಡತಿ ಮಲಗ್ತಿದ್ದ ಹಾಸಿಗೆ. ಅದರ ಮೇಲೆ ಇನ್ನೊಬ್ಬಳನ್ನ ಬಿಡ್ತಾನಾ ಅವನು?"

ಮನೆಯ ವಸ್ತು ಏನೂ ತರಬೇಡಿ ಎಂದು ಅವರು ಫೋನಿನಲ್ಲೇ ಹೇಳಿದ್ದರಂತೆ. ಮಗಳು ಅದನ್ನು ನನಗೆ ಹೇಳಿಯೂ ಇದ್ದಳು. ನಾನು ಬಟ್ಟಲು ಬಿಟ್ಟೆ, ಗೂಡು ಬಿಟ್ಟೆ. ಮೆತ್ತೆ ಒಂದು ವಸ್ತು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಮೈಮೇಲಿನ ಬಟ್ಟೆ ಇದ್ದ ಹಾಗೆ, ಬಿಟ್ಟು ಬರುವುದು ಹೇಗೆ? ಮಗಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ನಮ್ಮಪ್ಪ ಹಾಗೇ ರೀ. ನಾನು ಡ್ರೈವರ್ ಕೆಲಸಕ್ಕೆ ಸೇರಿದ ದಿನ ಸೀಟಿಗೆ ಅಂತ ಮೆತ್ತೆ ಹೊಲಿದು ಡಿಪೋಗೇ ತಂದುಕೊಟ್ಟಿದ್ರು. ಇವತ್ತಿಗೂ ನನ್ನನ್ನ ಅಲ್ಲಿ ಮೆತ್ತೆ ಮೇಡಂ ಅಂತಾರೆ."

ನಾನು ತಪ್ಪಾಯಿತು ಎಂದೆ. ಆ ಹೆಂಗಸು ಬೀಗದ ಕೈಗೊಂಚಲನ್ನು ಬೆರಳಲ್ಲಿ ತಿರುಗಿಸಿದರು. ಕೊನೆಗೆ, ಆದ ಎರಡೂ ಭೇಟಿಗಳೇ ಅಲ್ಲ, ಅವು ಇನ್ನೊಬ್ಬರ ಮನೆಗೆ ನುಗ್ಗಿದ್ದು, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ತಮ್ಮ ಕಟ್ಟಳೆಗೆ ತಾವೇ ದಾರಿ ಮಾಡಿಕೊಂಡರು. ಆದರೆ ಅವನ ಮೈಯಲ್ಲಿ ಇನ್ನೊಂದೇ ಸಲಕ್ಕೆ ಶಕ್ತಿ ಇರುವುದು, ಆಮೇಲೆ ಯಾರು ಬೇಡಿಕೊಂಡರೂ ಇಲ್ಲ ಎಂದರು. ಗಿರಗಿಟ್ಲೆ ನೆಲ ಬಿಟ್ಟು ಹಾರಿದಳು. ಹೆದರಿದ ಆ ಎರಡು ಮೊಲಗಳನ್ನು ಇವತ್ತು ಮತ್ತೆ ತರುವಂತಿಲ್ಲ. ಉಳಿದವಳು ಒಬ್ಬಳೇ. ವಯಸ್ಸಾದವಳು, ಒಂದು ಕಿವಿ ಹರಿದಿದೆ, ಕರೆದುಕೊಂಡು ಹೋದವರೆಲ್ಲ ವಾಪಸ್ ತಂದುಬಿಟ್ಟಿದ್ದಾರೆ. ಇಟ್ಟ ಬಟ್ಟಲನ್ನೆಲ್ಲ ಬೋರಲು ಹಾಕುತ್ತಾಳೆ, ಊಟ ತಡವಾದರೆ ಕಾಲಿನಿಂದ ನೆಲ ಗುದ್ದುತ್ತಾಳೆ. ಆಶ್ರಯದವರೆಲ್ಲ ಅವಳನ್ನು ಅತ್ತೆ ಎಂದು ಕರೆಯುತ್ತಾರಂತೆ.

"ಸೊಸೆ ನೋಡೋಕೆ ಬಂದು ಅತ್ತೇನ ಕರ್ಕೊಂಡು ಹೋಗೋ ಹಾಗಾಯ್ತು," ಎಂದಳು ಮಗಳು. "ತನ್ನಿ, ತನ್ನಿ."

ಹಳೆಯ ವಾಸನೆ ಹೋಗಲೆಂದು ಆ ಹೆಂಗಸು ನೆಲವನ್ನು ವಿನೆಗರ್ ನೀರಿನಿಂದ ಒರೆಸಿದರು. ನನ್ನ ಮೆತ್ತೆ ಕಾರಿಗೆ ಹೋಯಿತು. ನನ್ನ ಕೈಗೆ ಕೊಡದೆ ಮಗಳೇ ಹೋಗಿ ಇಟ್ಟು ಬಂದಳು. ಬರಿಯ ನೆಲದ ಮೇಲೆ ಹತ್ತಿಯನ್ನು ಬಿಟ್ಟಾಗ ಅವನು ಗೊತ್ತಿಲ್ಲದ ಬಸ್ ನಿಲ್ದಾಣದಲ್ಲಿ ಇಳಿದವರ ಹಾಗೆ ಅತ್ತ ಇತ್ತ ನೋಡಿದ. ಕಾಯಲು ಒಂದು ಹಾಸಿಗೆಯಿಲ್ಲ, ಮುಖ ತಿರುಗಿಸಲು ಗೋಡೆಯಿಲ್ಲ.

ಅತ್ತೆ ಬಂದಳು. ಬೂದು ಬಣ್ಣ, ಗಿಡ್ಡ ಕಾಲು, ಹರಿದ ಕಿವಿ. ಹತ್ತಿ ಎಂಬ ಪ್ರಾಣಿ ಅಲ್ಲಿದೆ ಎಂದೇ ಗಣಿಸಲಿಲ್ಲ. ನೇರ ಹೋಗಿ ನೀರಿನ ಬಟ್ಟಲು ಬೋರಲು ಹಾಕಿದಳು. ಹೆಂಗಸು ಹಾಕಿದ್ದ ಮೂಲಂಗಿ ಸೊಪ್ಪಿನ ಮುಂದೆ, ಹತ್ತಿಗೆ ಬೆನ್ನು ಹಾಕಿ ಕುಳಿತು ಕರಕರ ತಿನ್ನತೊಡಗಿದಳು. ನಾವು ನಾಲ್ಕೂ ಜನ ನೆಲದ ಮೇಲೆ ಕುಳಿತಿದ್ದೆವು. ಗಿರಗಿಟ್ಲೆ ನನ್ನ ಹೆಬ್ಬೆರಳು ಹಿಡಿದಿದ್ದಳು. ಅವಳು ಅಷ್ಟು ಹೊತ್ತು ಅಲ್ಲಾಡದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹತ್ತಿ ಒಂದು ಹೆಜ್ಜೆ ಇಟ್ಟ. ಮೈ ಉದ್ದಕ್ಕೆ ಚಾಚಿ, ಹಿಂಗಾಲನ್ನು ಓಡಲು ಸಿದ್ಧವಾಗಿ ಹಿಂದೆಯೇ ಬಿಟ್ಟು, ಮೂಗನ್ನು ಮಾತ್ರ ಮುಂದೆ ಕಳಿಸಿದ. ಅತ್ತೆಯ ಬಾಲ ಮೂಸಿದ. ಅತ್ತೆ ಥಟ್ಟನೆ ತಿರುಗಿದಳು. ಆ ಹೆಂಗಸಿನ ಕೈ ಟವಲಿಗೆ ಹೋಯಿತು. ಆದರೆ ಅತ್ತೆ ಕಚ್ಚಲಿಲ್ಲ, ತಲೆಯನ್ನು ಅವನ ಮೂಗಿನ ಕೆಳಗೆ ನೆಲಕ್ಕೆ ಒತ್ತಿ ಇಟ್ಟಳು. ನೆಕ್ಕು ಎಂದು ಹೇಳುವುದು ಹಾಗಂತೆ, ಹೆಂಗಸು ನನ್ನ ಕಿವಿಯಲ್ಲಿ ಉಸುರಿದರು. ನೆಕ್ಕಿದರೆ ಒಪ್ಪಿಗೆ.

ಹತ್ತಿ ನೆಕ್ಕಲಿಲ್ಲ. ಅವಳನ್ನು ನೋಡಿದ. ಅವಳ ಬಾಯಿಂದ ಅರ್ಧ ಎಲೆ ಇನ್ನೂ ಹೊರಗೆ ನೇತಾಡುತ್ತಿತ್ತು. ಅವನು ಅದನ್ನು ಮೂಸಿದ. ಮತ್ತೆ ಮೂಸಿದ. ಆಮೇಲೆ ಆ ಎಲೆಯ ತುದಿಗೆ ಬಾಯಿ ಹಾಕಿ, ಒಂದೇ ಎಳೆತಕ್ಕೆ ಕಿತ್ತುಕೊಂಡು, ಓಡಿ ಬೇಲಿಯ ಆಚೆ ಮೂಲೆಗೆ ಹೋಗಿ ತಿನ್ನಲು ಶುರು ಮಾಡಿದ.

ತಿಂದ. ಯಾರೂ ಹಿಡಿಯದೆ, ಸಿರಿಂಜಿಲ್ಲದೆ, ಕದ್ದ ಎಲೆಯನ್ನು ತುದಿಯಿಂದ ಬುಡದವರೆಗೆ ತಿಂದ. ದವಡೆ ಗಿರಣಿಯ ಹಾಗೆ ಓಡುತ್ತಿತ್ತು. ಅತ್ತೆ ಕಾಲಿನಿಂದ ನೆಲ ಗುದ್ದಿದಳು, ಕೋಣೆಯೆಲ್ಲ ಕೇಳುವಂತೆ. ಅವನು ಜಗ್ಗಲಿಲ್ಲ. ವಾಪಸ್ ಬಂದು ಅವಳ ಪಕ್ಕದಿಂದಲೇ ಇನ್ನೊಂದು ಎಲೆ ಎಳೆದ. ಅವಳು ಈ ತುದಿಯಿಂದ, ಅವನು ಆ ತುದಿಯಿಂದ.

ಗಿರಗಿಟ್ಲೆ ಉಸಿರು ಬಿಟ್ಟದ್ದು ಆಗ. ಆಮೇಲೆ ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಕೋಣೆಯನ್ನೊಂದು ಸುತ್ತು ಬಂದಳು, ತಾಯಿಯನ್ನು ಅಪ್ಪಿದಳು, ಆ ಹೆಂಗಸಿನ ಬೂಟುಕಾಲನ್ನೇ ಅಪ್ಪಿಕೊಂಡಳು. ಗಿನಿಪಿಗ್‌ಗಳು ಏನಾಯಿತೆಂದು ತಿಳಿಯದೆ ಎಲ್ಲವೂ ಒಟ್ಟಿಗೆ ಕೂಗಿದವು. ಮಗಳು ಕಣ್ಣಿಗೆ ಹುಲ್ಲಿನ ಧೂಳು ಬಿತ್ತು ಎಂದು ಆ ಕಡೆ ತಿರುಗಿಕೊಂಡಳು. ಇನ್ನು ನಾವು ಬೀಗರಾದೆವು, ಹಬೆಯಾಡುವ ಟೀ ಆದರೂ ಕುಡಿದು ಹೋಗಿ ಎಂದು ಆ ಹೆಂಗಸು ಒತ್ತಾಯ ಮಾಡಿದರು. ಅಷ್ಟು ಹೊತ್ತಿಗೆ ಅತ್ತೆ ಮತ್ತೆ ತಲೆ ತಗ್ಗಿಸಿ ಇಟ್ಟಿದ್ದಳು. ಹತ್ತಿ ಬಾಯಲ್ಲಿದ್ದದ್ದನ್ನು ಮುಗಿಸಿ, ಬೇರೆ ದಾರಿಯಿಲ್ಲ ಎನ್ನುವವರ ಹಾಗೆ, ಅವಳ ಹರಿದ ಕಿವಿಯನ್ನು ಒಮ್ಮೆ ನೆಕ್ಕಿದ.

ಮನೆಗೆ ಹೋಗುವಾಗ ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ, ಕೈತುಂಬ ಸೊಪ್ಪಿನ ಜೊತೆ ಹಾಕಿದ್ದರು. ದೊಡ್ಡ ರಸ್ತೆಯ ಗದ್ದಲದಲ್ಲಿ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಕೆಂಪು ದೀಪಕ್ಕೆ ನಿಂತಾಗ ಮಗಳು ಎಂಜಿನ್ ಆರಿಸಿದಳು. ನಾವು ಮೂವರೂ ಬುಟ್ಟಿಗೆ ಕಿವಿ ಕೊಟ್ಟೆವು. ಕರಕರ, ಕರಕರ. ಒಂದಲ್ಲ, ಎರಡು ಬಾಯಿ. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು, ಅವರ ಹಿಂದಿನವರೂ ಹೊಡೆದರು. ದಿನವೆಲ್ಲ ಬೇರೆಯವರಿಗೆ ಹಾರ್ನ್ ಹೊಡೆಯುವ ನನ್ನ ಮಗಳು ಬೆರಳೆತ್ತಿ, ಸ್ವಲ್ಪ ತಾಳಿ ಎಂದು ಕಿಟಕಿಯಿಂದ ಸನ್ನೆ ಮಾಡಿದಳು.