ಪ್ರೊಫೆಸರ್ ನೆವರ್ಸ್ ಬಂದ ಮಧ್ಯಾಹ್ನ

"ಮಧ್ಯಾಹ್ನ ಒಬ್ಬ ಕರಿಯ ಪ್ರೊಫೆಸರು ಬರ್ತಾನೆ, ನೆವರ್ಸ್ ಅಂತ. ದಕ್ಷಿಣದ ರಾಜ್ಯಗಳಲ್ಲಿ ಅವರದೊಂದು ಕಾಲೇಜಿದೆಯಂತೆ. ನಮ್ಮಲ್ಲಿ ಎರಡೆರಡು ಪ್ರತಿ ಇರೋ ಗ್ರೀಕ್ ಪುಸ್ತಕಗಳಲ್ಲಿ ಒಂದೊಂದನ್ನ ಅವರಿಗೆ ಕೊಟ್ಬಿಡೋಣ," ಎಂದರು ಥ್ವೇಟ್ ಸಾಹೇಬರು, ತಮ್ಮ ಮನೆಯ ಗ್ರಂಥಾಲಯದ ಬಾಗಿಲಲ್ಲಿ ನಿಂತು, ಬಾಯಿಂದ ಚುಟ್ಟಾ ತೆಗೆಯದೆಯೇ. "ಅತಿಥಿಗಳೂ ಇರ್ತಾರೆ. ಹೊಸದಾಗಿ ಕೊಂಡ ಯೇಸುವಿನ ಸುವಾರ್ತೆಯ ಹಳೇ ಗ್ರಂಥವನ್ನ ನೀವೇ ತೋರಿಸ್ಬೇಕು, ಮಿಸ್ ನವಾರೊ."

"ಆಗ್ಲಿ ಸರ್," ಎಂದಳು ಎಸ್ಟೆಲ್. ಸಾಹೇಬರು ಅತ್ತ ಹೋದೊಡನೆ ಬಾಗಿಲು ಮುಚ್ಚಿದಳು.

ನೆವರ್ಸ್ ಅವಳ ಅಪ್ಪ.

ಆ ಹೆಸರು ಬಿಟ್ಟು ಹನ್ನೆರಡು ವರ್ಷಗಳಾಗಿದ್ದವು. ಮನೆಯವರೆಲ್ಲರ ಮೈಬಣ್ಣ ಗೋಧಿಯದು, ನ್ಯೂಯಾರ್ಕಿನಲ್ಲಿ ಬಿಳಿಯರೆಂದೇ ಬಾಳಬಹುದು ಎಂದು ಅಮ್ಮ ಹಟ ಹಿಡಿದಿದ್ದಳು. "ನಾನು ಯಾರ ಮಗ ಅನ್ನೋದನ್ನ ಮುಚ್ಚಿಟ್ಟು ನನಗೆ ಅನ್ನ ಇಳಿಯಲ್ಲ," ಎಂದು ಅಪ್ಪ ಒಬ್ಬರೇ ಹಿಂದೆ ಉಳಿದರು. ಅಂದಿನಿಂದ ನೆವರ್ಸ್ ಹೋಗಿ ನವಾರೊ ಬಂತು. ಆ ಬಣ್ಣಕ್ಕೆ ನೆಪವಾಗಿ ಸ್ಪೇನಿನ ಅಜ್ಜಿಯೊಬ್ಬಳು ಹುಟ್ಟಿಕೊಂಡಳು. ಹಳೆಯ ಗ್ರಂಥಗಳ ಹರಾಜಿನಲ್ಲಿ ಎಸ್ಟೆಲ್ ಕೈಯೆತ್ತಿದರೆ ಲಂಡನ್ನಿನ ವ್ಯಾಪಾರಿಗಳೂ ತಲೆ ತಗ್ಗಿಸುವ ಕಾಲ ಬಂದಿತ್ತು. ಊರಿನ ದೊಡ್ಡ ಮನೆಗಳ ಔತಣಗಳಲ್ಲಿ ಅವಳಿಗೊಂದು ಕುರ್ಚಿ ಖಾಯಂ ಆಗಿತ್ತು.

ತಲೆನೋವೆಂದು ಮನೆಗೆ ಹೋಗಿಬಿಡಬಹುದಿತ್ತು. ಆದರೆ ಅಪ್ಪ ಅವಳನ್ನು ಕಾಣದೆ ಯಾವುದೋ ಮಾತಿಗೆ, 'ನನಗೂ ಒಬ್ಬ ಮಗಳಿದ್ದಾಳೆ, ಇದೇ ಊರಿನಲ್ಲಿ' ಎಂದುಬಿಟ್ಟರೆ? ಎದುರಿಗೆ ತಾನಿದ್ದರೆ ಅಪ್ಪನಿಗೇ ಅರ್ಥವಾದೀತೆಂದು ಅವಳು ಉಳಿದಳು.

ಅತಿಥಿಗಳ ಪೈಕಿ ಅವಳಿಗೆ ಭಯವಿದ್ದದ್ದು ಮಿಸೆಸ್ ಆಲ್ಸಪ್ ಒಬ್ಬರದೇ. ದಕ್ಷಿಣದ ಹತ್ತಿ ತೋಟದ ಮನೆತನ, ಸೂಜಿಯಂಥ ಕಣ್ಣು. "ಬಣ್ಣ ಮರೆಸಿಕೊಂಡೋರನ್ನ ನಾನು ಉಗುರು ನೋಡಿಯೇ ಹೇಳ್ತೀನಿ ಕಣ್ರೀ," ಎಂದು ಆಕೆ ಒಮ್ಮೆ ಊಟದ ನಡುವೆ ನಕ್ಕಿದ್ದನ್ನು ಎಸ್ಟೆಲ್ ಮರೆತಿರಲಿಲ್ಲ.

ಅಪ್ಪ ಒಳಗೆ ಬಂದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು.

"ಇವರು ಮಿಸ್ ನವಾರೊ, ನಮ್ಮ ಗ್ರಂಥಪಾಲಕಿ. ನಿಮ್ಮ ಕಾಲೇಜಿಗೆ ಕೊಡೋ ಪುಸ್ತಕಗಳನ್ನ ಇವರೇ ಕಳಿಸ್ತಾರೆ," ಎಂದರು ಸಾಹೇಬರು, ಅತಿಥಿಗಳೆದುರೇ.

"ನಿಮ್ಮನ್ನ ನೋಡಿ ಸಂತೋಷ ಆಯ್ತು, ಮೇಡಂ," ಎಂದರು ಅಪ್ಪ. ದನಿ ಅಲುಗಲಿಲ್ಲ.

ಎಸ್ಟೆಲ್ ಗ್ರಂಥ ಬಿಡಿಸಿದಳು. ಹಾಳೆಯ ಮೇಲೆ ಚಿನ್ನದ ಅಕ್ಷರಗಳು ಹೊಳೆದವು. ಅಪ್ಪ ಬಾಗಿ ಮೆಲ್ಲಗೆ ಗ್ರೀಕ್ ಓದತೊಡಗಿದರು. ಅವರ ಪಕ್ಕದಲ್ಲೇ ಅವಳೂ ಬಾಗಿದ್ದಳು. ಅವಳ ಕಣ್ಣು ಮಾತ್ರ ಮಿಸೆಸ್ ಆಲ್ಸಪ್ ಮೇಲಿತ್ತು. ಆಕೆ ಅಗ್ಗಿಷ್ಟಿಕೆಯ ಕಾವಿಗೆ ಬೀಸಿಕೊಳ್ಳುತ್ತಿದ್ದ ಬೀಸಣಿಗೆಯನ್ನು ನಿಲ್ಲಿಸಿದ್ದರು.

"ಥ್ವೇಟ್, ಬನ್ನಿ ಇಲ್ಲಿ! ಎಂಥಾ ತಮಾಷೆ ನೋಡಿ. ಈ ಹಣೆ, ಆ ಹಣೆ. ಈ ಮೂಗು, ಆ ಮೂಗು. ಒಂದೇ ಅಚ್ಚಲ್ಲಿ ಹೊಯ್ದ ಹಾಗಿಲ್ವಾ? ಏನಂತೀರಿ ಪ್ರೊಫೆಸರ್? ಸ್ಪೇನಲ್ಲಿ ನಿಮ್ಮ ನೆಂಟರು ಯಾರಾದ್ರೂ ಇದಾರೋ?"

ಯಾರೋ ಕಿಸಕ್ಕೆಂದರು. ಅಪ್ಪ ಸುಳ್ಳು ಹೇಳುವವರಲ್ಲ. ಹೇಳಬಲ್ಲವರಾಗಿದ್ದರೆ ಈ ಹನ್ನೆರಡು ವರ್ಷ ಹೆಂಡತಿ ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರುತ್ತಿದ್ದರು.

ಅಪ್ಪ ನಿಧಾನಕ್ಕೆ ನೆಟ್ಟಗಾದರು.

"ಅಮ್ಮಾ, ತಾವು ದಕ್ಷಿಣದವರು. ತಮ್ಮ ಕಡೆ ಹಳೇ ತೋಟದ ಮನೆಗಳಲ್ಲಿ, ಊಟಕ್ಕೆ ಕೂತ ಬಿಳಿಯರ ಮುಖವೂ ಬಡಿಸೋ ಕರಿಯರ ಮುಖವೂ ಒಂದೇ ಅಚ್ಚಲ್ಲಿರೋದನ್ನ ನಾನು ಎಷ್ಟೋ ಸಲ ನೋಡಿದೀನಿ. ಅದು ಹೇಗಾಯ್ತು ಅಂತ ಅಲ್ಲಿ ಯಾರೂ ಕೇಳಲ್ಲ. ನಾನೂ ಕೇಳಿಲ್ಲ."

ಮಿಸೆಸ್ ಆಲ್ಸಪ್ ಮುಖ ಕೆಂಪಡರಿತು.

"ಥ್ವೇಟ್! ನಿಮ್ಮ ಮನೇಲಿ ಕೂತು ಇಂಥವನ ಬಾಯಿಂದ ಇದನ್ನ ಕೇಳಿಸ್ಕೋಬೇಕಾ ನಾನು?"

"ಸಾಕು. ನೀನು ಹೊರಡಯ್ಯಾ," ಎಂದರು ಸಾಹೇಬರು. "ಪುಸ್ತಕದ ಮಾತು ಇಲ್ಲಿಗೆ ಮುಗೀತು."

ಅಪ್ಪ ಟೋಪಿ ತೆಗೆದುಕೊಂಡರು. ಎಸ್ಟೆಲ್ ಕಡೆ ತಿರುಗಿ, "ಗ್ರಂಥ ತೋರಿಸಿದ್ದಕ್ಕೆ ಉಪಕಾರ ಆಯ್ತು, ಮೇಡಂ," ಎಂದು ಹೊರಟುಹೋದರು. ಮಿಸೆಸ್ ಆಲ್ಸಪ್ ಇನ್ನೂ ಅವಳನ್ನೇ ನೋಡುತ್ತಿದ್ದರು. ಎಸ್ಟೆಲ್ ಗ್ರಂಥ ಮುಚ್ಚಿ ಬಟ್ಟೆ ಸುತ್ತಿದಳು.

ಅತಿಥಿಗಳು ಹೋದ ಮೇಲೆ ಸಾಹೇಬರ ಕೋಣೆಗೆ ಹೋದಳು.

"ಪುಸ್ತಕ ಕಳಿಸಬೇಕು, ಸರ್."

"ಅವನಿಗಾ? ಅಷ್ಟು ಕೊಬ್ಬಿನ ಮಾತಾಡಿದ ಮೇಲೂ?"

"ನಾಲ್ಕು ಜನದ ಮುಂದೆ ಕೊಡ್ತೀನಿ ಅಂದಿದೀರಿ. ಥ್ವೇಟ್ ಆಡಿದ ಮಾತಿಗೆ ತಪ್ಪಲ್ಲ ಅನ್ನೋ ಒಂದೇ ನಂಬಿಕೆ ಮೇಲೆ ನಾನು ವ್ಯಾಪಾರಿಗಳ ಹತ್ರ ಚೌಕಾಸಿ ಮಾಡೋದು. ಅದೇ ಹೋದ್ರೆ ನನಗಿಲ್ಲಿ ಏನು ಕೆಲಸ? ಬೇರೆಯವರನ್ನ ನೋಡ್ಕೊಳ್ಳಿ."

ಸಾಹೇಬರು ಅವಳನ್ನು ದಿಟ್ಟಿಸಿದರು. ಅವಳು ಕಣ್ಣು ಕೆಳಗಿಳಿಸಲಿಲ್ಲ.

"ಅವನ ಮೇಲೆ ನಿಮಗ್ಯಾಕೆ ಇಷ್ಟು?"

"ಅಲ್ಲಿದ್ದವರಲ್ಲಿ ಗ್ರೀಕ್ ಓದೋಕೆ ಬರ್ತಿದ್ದದ್ದು ಅವರೊಬ್ಬರಿಗೇ, ಸರ್."

ಸಾಹೇಬರು ಗೊಣಗಿದರು. "ಕಳಿಸಿ. ಮಿಸೆಸ್ ಆಲ್ಸಪ್ ಕಿವಿಗೆ ಮಾತ್ರ ಬೀಳಬಾರ್ದು."

ಸಂಜೆ ಮನೆಯಲ್ಲಿ ವಿಷಯ ಕೇಳಿ, ಆಲೂಗಡ್ಡೆ ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು.

"ತುಂಬಾ ಸೊರಗಿದಾರೇನೇ?"

ಅಮ್ಮ ಚಾಕು ಕೆಳಗಿಟ್ಟಳು.

"ಕೂದ್ಲು ಪೂರ್ತಿ ಬೆಳ್ಳಗಾಯ್ತಾ? ಈ ಚಳಿಗೆ ಒಳ್ಳೇ ಕೋಟಾದ್ರೂ ಇತ್ತಾ ಮೈಮೇಲೆ?"

ಎಸ್ಟೆಲ್ ನೆನಪು ಕೆದಕಿದಳು. ಮಿಸೆಸ್ ಆಲ್ಸಪ್‌ರ ಬೀಸಣಿಗೆಯ ಗರಿ, ಕೊರಳಿನ ಮುತ್ತು, ತುಟಿಯ ಕೊಂಕು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದ್ದವು. ಪಕ್ಕದಲ್ಲೇ ನಿಂತಿದ್ದ ಅಪ್ಪನನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

"ಗೊತ್ತಿಲ್ಲಮ್ಮ," ಎಂದು ಅವಳು ಅಮ್ಮನ ಮಡಿಲಿಗೆ ಮುಖ ಹುದುಗಿಸಿದಳು.